ಗುದ್ದಲಿ ಹಿಡಿದು ಗಡಿ ದಾಟಿದವರು

ಪರದೇಶದ ಹಳ್ಳಿಗೆ ಹೋಗಿ, ಊರವರ ಜೊತೆ ಮಣ್ಣು ಹೊತ್ತು, ಗೋಡೆ ಕಟ್ಟಿ, ಸ್ನೇಹ ಬೆಳೆಸಿಕೊಂಡು ಬರುವ ‘ವರ್ಕ್‌ಕ್ಯಾಂಪ್’ ಇಂದಿನ ಕಾಲೇಜು ಹುಡುಗರಿಗೆ ಹೊಸದೇನಲ್ಲ. ಅದು ಹುಟ್ಟಿದ್ದು ಮಾತ್ರ ಹಗೆ ಇನ್ನೂ ಆರದಿದ್ದ ಊರಲ್ಲಿ.

ಮೊದಲ ಮಹಾಯುದ್ಧದ 1916ರ ವೆರ್ಡನ್ ಕದನದಲ್ಲಿ ಫ್ರಾನ್ಸಿನ ಎನ್-ಆನ್-ಆರ್ಗಾನ್ ಹಳ್ಳಿ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿದವರಿಗೆ ಸಿಕ್ಕಿದ್ದು ಕಲ್ಲಿನ ರಾಶಿ, ಶೆಲ್ ಬಿದ್ದು ಹೊಂಡವಾದ ಹೊಲಗಳು. ಅತ್ತ 1920ರಲ್ಲಿ ಹಾಲೆಂಡಿನ ಬಿಲ್ಟ್‌ಹೋವನ್‌ನಲ್ಲಿ ಶಾಂತಿವಾದಿಗಳ ಸಭೆ ನಡೆದಿತ್ತು. ಮಾತು ಸಾಕಷ್ಟಾಗಿತ್ತು. ಆಗ ಜರ್ಮನ್ನನೊಬ್ಬ ಎದ್ದು, ಫ್ರಾನ್ಸನ್ನು ಹಾಳುಗೆಡವಿದ ಸೈನ್ಯದಲ್ಲಿ ತನ್ನ ಸೋದರನಿದ್ದ, ಅಲ್ಲಿ ಮತ್ತೆ ಕಟ್ಟುವುದಕ್ಕೆ ತಾನು ಸಿದ್ಧ ಎಂದ. ಆ ಮಾತನ್ನು ಎತ್ತಿಕೊಂಡವರು ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್. ತಂದೆ ದೇಶದ ಅಧ್ಯಕ್ಷರಾಗಿದ್ದವರು. ಮಗ ಸೇನಾ ತೆರಿಗೆ ಕಟ್ಟಲೊಪ್ಪದೆ ಜೈಲು ಕಂಡವರು.

ಅದೇ ವರ್ಷದ ನವೆಂಬರಿನಲ್ಲಿ ಬೆರಳೆಣಿಕೆಯ ಜನ ಎನ್ ಹಳ್ಳಿಗೆ ಬಂದಿಳಿದರು. ಅವರಲ್ಲಿ ಜರ್ಮನ್ನರೂ ಇದ್ದರು. ಚಳಿಗಾಲವಿಡೀ ಅವಶೇಷ ತೆಗೆದರು, ಹೊಂಡ ಮುಚ್ಚಿದರು, ದಾರಿ ಸರಿಪಡಿಸಿದರು, ಹಲಗೆ ಜೋಡಿಸಿ ತಾತ್ಕಾಲಿಕ ಮನೆ ಎಬ್ಬಿಸಿದರು. ಗಂಡನನ್ನೋ ಮಗನನ್ನೋ ಕಳೆದುಕೊಂಡವರ ಅಂಗಳದಲ್ಲಿ ಜರ್ಮನ್ ಯುವಕ ಮೊಳೆ ಹೊಡೆಯುವುದೆಂದರೆ ಸಣ್ಣ ಸಂಗತಿಯಲ್ಲ. ವಿರೋಧ ಎದ್ದಿತು, ಜರ್ಮನ್ನರನ್ನು ಕಳಿಸಿಬಿಡಿ ಎಂಬ ಒತ್ತಡ ಬಂತು. ಅವರನ್ನು ಬಿಟ್ಟು ಉಳಿಯಲು ತಂಡ ಒಪ್ಪಲಿಲ್ಲ. 1921ರ ಏಪ್ರಿಲ್‌ನಲ್ಲಿ ಎಲ್ಲರೂ ಒಟ್ಟಿಗೇ ಹೊರಟುಹೋದರು.

ಮೇಲ್ನೋಟಕ್ಕೆ ಇದು ಸೋಲು. ನನಗೆ ಹಾಗನ್ನಿಸುವುದಿಲ್ಲ. ಐದು ತಿಂಗಳು ಒಂದೇ ಸೂರಿನಡಿ ಮಲಗಿ, ಒಂದೇ ಕಲ್ಲಿಗೆ ಹೆಗಲು ಕೊಟ್ಟವರು ಸಂಗಾತಿಯನ್ನು ಬಿಟ್ಟುಕೊಡದೆ ನಡೆದರಲ್ಲ, ಆ ನಂಟೇ ಈ ಪ್ರಯತ್ನದಿಂದ ಬೆಳೆದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆಯ ನಿಜವಾದ ಅಡಿಪಾಯ.

ಮುಂದೆ ಕೆಲಸ ಹರಡಿತು. 1924ರಲ್ಲಿ ಹಿಮಕುಸಿತಕ್ಕೆ ಸಿಕ್ಕ ಸ್ವಿಸ್ ಕಣಿವೆಯ ಶಿಬಿರ ನಡೆಸಿದವರು ಪಿಯರ್ ಅವರ ಸೋದರ, ಸೇನೆಯ ಕರ್ನಲ್ ಅರ್ನೆಸ್ಟ್! ರೈನ್ ನದಿಯ ಪ್ರವಾಹ ಲಿಕ್ಟೆನ್‌ಸ್ಟೈನ್‌ನ ಹೊಲಗಳಿಗೆ ಹೂಳು ತುಂಬಿದಾಗ, 1928ರಲ್ಲಿ ಹಲವು ದೇಶಗಳ 700ಕ್ಕೂ ಹೆಚ್ಚು ಸ್ವಯಂಸೇವಕರು ಬಂದು ಅದನ್ನು ಎತ್ತಿಹಾಕಿದರು.

ಭಾರತದ ನಂಟೂ ಹೀಗೇ ಬೆಸೆಯಿತು. 1934ರ ಜನವರಿ 15ರ ಭೂಕಂಪ ಬಿಹಾರವನ್ನು ಅಲ್ಲಾಡಿಸಿತು. ನೆಲದಿಂದ ಉಕ್ಕಿದ ಮರಳು ಹೊಲಗಳನ್ನು ಮುಚ್ಚಿತು. ಪರಿಹಾರದ ಹೊಣೆ ಹೊತ್ತಿದ್ದ ರಾಜೇಂದ್ರ ಪ್ರಸಾದರನ್ನೂ ಗಾಂಧೀಜಿಯನ್ನೂ ಭೇಟಿಯಾದ ಸೆರೆಸೋಲ್, ಕೆಲವು ಯುರೋಪಿಯನ್ ಸಂಗಡಿಗರೊಡನೆ ಮುಜಫ್ಫರ್‌ಪುರ ಜಿಲ್ಲೆಯಲ್ಲಿ ಹಳ್ಳಿಗಳನ್ನು ಮತ್ತೆ ಕಟ್ಟಲು ನಿಂತರು. ಬಿಳಿಯರೆಂದರೆ ಕುದುರೆಯ ಮೇಲಿನ ಸಾಹೇಬರು ಎಂದುಕೊಂಡಿದ್ದ ಕಾಲ ಅದು. ಐವತ್ತು ದಾಟಿದ ಸೆರೆಸೋಲ್ ಬಿಸಿಲಲ್ಲಿ ರೈತರ ಜೊತೆ ಮಣ್ಣಿನ ಕೆಲಸಕ್ಕೆ ಇಳಿದಿದ್ದರು.

ಇಂದಿನ ಶಿಬಿರಗಳಿಗೂ ಆ ಹಳೆಯ ಶಿಸ್ತು ಬೇಕು: ಕೆಲಸ ಊರಿಗೆ ನಿಜಕ್ಕೂ ಬೇಕಾದದ್ದಾಗಿರಬೇಕು, ಸ್ಥಳೀಯ ಕೂಲಿಯವರ ದುಡಿಮೆಯನ್ನು ಕಿತ್ತುಕೊಳ್ಳಬಾರದು. ದುಡ್ಡು ಕಟ್ಟಿ, ಎರಡು ವಾರ ಬಣ್ಣ ಬಳಿದು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬರುವ ಪ್ರವಾಸಗಳಲ್ಲಿ ಎಷ್ಟೋ ಸಲ ಈ ಎರಡನ್ನೂ ಯಾರೂ ಕೇಳುವುದಿಲ್ಲ. ಹೊರಡುವ ಮಕ್ಕಳು ಅರ್ಜಿ ತುಂಬುವ ಮೊದಲೇ ಕೇಳಲಿ.