ಹೃದಯದ ಲಯವೂ ರಕ್ತದ ಮುನ್ಸೂಚನೆಯೂ

ಚನ್ನಗಿರಿಯ ಅಡಿಕೆ ತೋಟದಲ್ಲಾಗಲಿ, ಜಗಳೂರಿನ ಮಳೆಯಾಶ್ರಿತ ಹೊಲದಲ್ಲಾಗಲಿ ದುಡಿಯುವ ಮನುಷ್ಯನಿಗೆ ಒಂದು ದಿನ ಹಠಾತ್ತನೆ ಒಂದು ಪಕ್ಕದ ಕೈಕಾಲುಗಳ ಸ್ವಾಧೀನ ತಪ್ಪಿದರೆ, ಮನೆಯವರು ಅದನ್ನು ಲಕ್ವವೆನ್ನುತ್ತಾರೆ. ಈ ವ್ಯಾಧಿಯ ಮೂಲವು ಎಷ್ಟೋ ವೇಳೆ ಹೃದಯದಲ್ಲಿರುವುದೆಂಬ ಸಂಗತಿ ಬಹುಮಂದಿಗೆ ತಿಳಿಯದು.

ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಕೆಲವರಲ್ಲಿ ಅದರ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸುವ ಬದಲು ಸುಮ್ಮನೆ ಅದಿರತೊಡಗುತ್ತವೆ. ಇದೇ ಹೃತ್ಕರ್ಣ ಕಂಪನ. ಆಗ ಅಲ್ಲಿ ತಂಗಿದ ರಕ್ತವು ಹೆಪ್ಪುಗಟ್ಟಿ ಮಿದುಳಿನ ನಾಳವನ್ನು ಮುಚ್ಚಬಹುದು. ಇಂಥವರಿಗೆ ಲಕ್ವದ ಅಪಾಯ ಇತರರಿಗಿಂತ ಸುಮಾರು ೫ ಪಟ್ಟು ಹೆಚ್ಚು. ಅನೇಕರಿಗೆ ನೋವಾಗಲಿ ಎದೆಬಡಿತವಾಗಲಿ ತೋರುವುದೇ ಇಲ್ಲ.

ಹಾಗಾದರೆ ಇದನ್ನು ಮುಂಚಿತವಾಗಿ ಅರಿಯುವ ಬಗೆಯೆಂತು? ೧೯೮೮ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಬಿ.ಎನ್.ಪಿ. ಎಂಬ ವಸ್ತುವನ್ನು ಕಂಡುಹಿಡಿದರು. ಮನುಷ್ಯರಲ್ಲಿ ಅದು ಮುಖ್ಯವಾಗಿ ಹೊರಡುವುದು ಹೃದಯದಿಂದಲೇ ಎಂಬುದು ಮುಂದೆ ತಿಳಿದುಬಂತು. ಹೃದಯದ ಗೋಡೆ ಒತ್ತಡದಿಂದ ಹಿಗ್ಗಿದಾಗ ಇದರ ಪ್ರಮಾಣ ರಕ್ತದಲ್ಲಿ ಏರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ಬಹುಕಾಲ ಪರಿಶೀಲಿಸಿದ ವೈದ್ಯರು, ಇದು ಹೆಚ್ಚಾಗಿದ್ದವರಲ್ಲಿ ಮುಂದೆ ಕಂಪನ ತಲೆದೋರುವ ಸಂಭವ ಅಧಿಕವೆಂದು ಕಂಡರು. ಹೃದಯದ ಸ್ನಾಯು ಘಾಸಿಗೊಂಡಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಸಹ ಇಂಥದೇ ಸೂಚನೆ. ಥೈರಾಯಿಡ್ ರಸದ ಅತಿರೇಕವನ್ನು ರಕ್ತದಲ್ಲಿ ಪತ್ತೆಮಾಡಿದರೆ, ಲಯಭಂಗದ ಒಂದು ಕಾರಣವನ್ನು ಗುಣಪಡಿಸಲೂ ಸಾಧ್ಯ.

ಆದರೆ ರಕ್ತವು ತಿಳಿಸುವುದು ಸಂಭವವನ್ನು ಮಾತ್ರ. ವಯಸ್ಸು ಹೆಚ್ಚಿದರೂ ಮೂತ್ರಪಿಂಡ ಕೆಟ್ಟರೂ ಬಿ.ಎನ್.ಪಿ. ಏರುತ್ತದೆ. ರೋಗವನ್ನು ನಿಶ್ಚಯಿಸುವುದಕ್ಕೆ ಇ.ಸಿ.ಜಿ.ಯೇ ಬೇಕು. ಇದನ್ನು ರೂಪಿಸಿದ ಹಾಲೆಂಡಿನ ಐಂಥೋವನ್ ಅವರಿಗೆ ೧೯೨೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಂಪನವು ಖಚಿತವಾದಲ್ಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿಯು ಲಕ್ವದ ಅಪಾಯವನ್ನು ಸುಮಾರು ಮೂರನೆಯ ಎರಡು ಪಾಲಿನಷ್ಟು ತಗ್ಗಿಸುತ್ತದೆ. ಅದನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಲೂಬಾರದು, ನಿಲ್ಲಿಸಲೂಬಾರದು.

ನಮ್ಮ ದೇಶದಲ್ಲಿ ಮತ್ತೊಂದು ಕಾರಣವೂ ಉಂಟು. ಬಾಲ್ಯದ ಗಂಟಲುಬೇನೆಯನ್ನು ಅಲಕ್ಷಿಸಿದಾಗ ಬರಬಹುದಾದ ಸಂಧಿವಾತ ಜ್ವರವು ಹೃದಯದ ಕವಾಟವನ್ನು ಕೆಡಿಸಿ, ಎಳೆಯ ವಯಸ್ಸಿನಲ್ಲಿಯೇ ಲಯವನ್ನು ತಪ್ಪಿಸಬಲ್ಲುದು.

ತುಂಗಭದ್ರೆಯ ದಡದ ಹೊನ್ನಾಳಿಯಾಗಲಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಾಗಲಿ, ಎಲ್ಲೆಡೆಯೂ ವೆಚ್ಚವಿಲ್ಲದ ಪರೀಕ್ಷೆ ಒಂದಿದೆ. ಅರುವತ್ತೈದು ದಾಟಿದ ಹಿರಿಯರ ಮಣಿಕಟ್ಟಿನ ಮೇಲೆ ಬೆರಳಿಟ್ಟು ಪೂರ್ಣ ಒಂದು ನಿಮಿಷ ನಾಡಿ ನೋಡಬೇಕು. ಬಡಿತಗಳ ನಡುವಣ ಅಂತರ ಏರುಪೇರಾಗಿದ್ದರೆ ತಡಮಾಡದೆ ಇ.ಸಿ.ಜಿ. ತೆಗೆಸುವುದು ಮನೆಯವರ ಕರ್ತವ್ಯ.