ಮಂಜು ಬಿದ್ದಿದೆ, ಏಳ್ರೋ!

ಧನುರ್ಮಾಸದ ಒಂದು ಬೆಳಗಿನ ಜಾವ ‘ಹೊರಗೆ ಮಂಜು ಬಿದ್ದಿದೆ, ಏಳ್ರೋ’ ಅಂದೆ. ಟೊರಾಂಟೊದಿಂದ ಕ್ರಿಸ್‌ಮಸ್ ರಜೆಗೆ ನಂಜನಗೂಡಿಗೆ ಬಂದಿದ್ದ ಮೊಮ್ಮಕ್ಕಳಿಬ್ಬರೂ ಕೈಗವಸು ಹುಡುಕಿಕೊಂಡು ಬೀದಿಗೆ ಓಡಿದರು. ಆರು ವರ್ಷದವನು ನೆಲ ಸವರಿ, ‘ಎಲ್ಲಜ್ಜಿ? ಬರೀ ಒದ್ದೆ!’ ಎಂದು ಮುಖ ಊದಿಸಿಕೊಂಡ. ತಪ್ಪು ನನ್ನದಲ್ಲ, ಕನ್ನಡದ್ದು. ಅಲ್ಲಿ ಸುರಿಯುವುದಕ್ಕೂ ಇಲ್ಲಿ ಕವಿಯುವುದಕ್ಕೂ ನಮಗೆ ಒಂದೇ ಮಾತು.

ಚಳಿಗಾಲದ ನಸುಕಿನಲ್ಲಿ ಕಪಿಲೆಯ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಅದರಿಂದೇಳುವ ಆವಿ ತಣ್ಣಗಾಗಿ ಸಣ್ಣ ಹನಿಗಳಾಗಿ ತೇಲುವುದೇ ನಮ್ಮ ಮಂಜು, ಹಳಬರ ಕಾವಳ. ಹಿಮ ಹಾಗಲ್ಲ, ಮೋಡದೊಳಗೇ ಆವಿ ಹರಳುಗಟ್ಟಬೇಕು, ಕರಗದೆ ನೆಲ ಮುಟ್ಟಬೇಕು. ನಮ್ಮೂರ ಚಳಿಗೆ ಅಷ್ಟು ತಾಕತ್ತಿಲ್ಲ.

ಅಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯಲು ಬೂಟು, ಕೋಟು, ಟೋಪಿ ಎಂದು ಅರ್ಧ ಗಂಟೆ ಬೇಕಂತೆ. ಇಲ್ಲಿ ಉಲ್ಲನ್ ಟೋಪಿಯೊಂದು ಸಾಕು. ಶ್ರೀಕಂಠೇಶ್ವರನ ಗುಡಿಗೆ ಹೋಗಿಬಂದು ಬಿಸಿ ಹುಗ್ಗಿ ತಿಂದರು. ಮಧ್ಯಾಹ್ನ ನೆನೆಸಿದ ಅವರೆಕಾಳು ಹಿದುಕಲು ಕೂರಿಸಿದೆ. ಕಾಳು ಪಚಕ್ಕನೆ ಹಾರಿ ಗೋಡೆಗೆ ಬಡಿದಷ್ಟೂ ನಗು. ಸಾರಿಗೆ ಉಳಿದದ್ದು ಅರ್ಧ.

ಮರುದಿನ ತಿ. ನರಸೀಪುರ. ಕಾವೇರಿ, ಕಪಿಲೆ ಕೂಡುವ ಈ ಜಾಗದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಮಕ್ಕಳಿಗೆ ಹಿಡಿಸಿದ್ದು ಮಾತ್ರ ಗುಂಜಾ ನರಸಿಂಹನ ಕಥೆ: ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಂತೆ! ಅಲ್ಲಿಂದ ಅದೇ ತಾಲ್ಲೂಕಿನ ತಲಕಾಡು. ಮರಳ ದಿಬ್ಬ ಕಂಡಿದ್ದೇ ತಡ, ಇಬ್ಬರೂ ಜಾರಿದ್ದೇ ಜಾರಿದ್ದು.

ಹಿಮವಾಗಿದ್ದರೆ ಕರಗಿಹೋಗುತ್ತಿತ್ತು. ಆ ಮರಳು ಮೂರು ದಿನ ನಮ್ಮ ಹಾಸಿಗೆಯಲ್ಲಿತ್ತು.