ಇಟಲಿಗೆ ಓದಲು ಹೋಗೋ ಮಕ್ಕಳು ಮೊದಲು ಕಲಿಯಬೇಕಾದ್ದು ಅಂಗಡಿಗೆ ಹೋಗೋದನ್ನ!

ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಮನೆಯ ಆದಾಯ ನೋಡಿ ನಿಗದಿಯಾಗುತ್ತದೆ. ಆದಾಯ ಕಡಿಮೆ ಇದ್ದರೆ ಅಲ್ಲಿನ ಪ್ರಾಂತ್ಯಗಳು ಕೊಡುವ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಅಮೆರಿಕ, ಇಂಗ್ಲೆಂಡ್ ಖರ್ಚು ತಡೆಯೋಕಾಗಲ್ಲ ಅನ್ನೋ ಮನೆಗಳಿಗೆ ಇದೇ ದೊಡ್ಡ ಆಕರ್ಷಣೆ. ಪಾಠ ಇಂಗ್ಲಿಷ್‌ನಲ್ಲಿ ಸಿಗಬಹುದು. ಆದರೆ ಕ್ಲಾಸ್ ರೂಮಿನಿಂದ ಹೊರಗೆ ಕಾಲಿಟ್ಟರೆ ಬೀದಿಯ ಲೆಕ್ಕವೇ ಬೇರೆ.

ಅಂಗಡಿಯಿಂದಲೇ ಶುರು ಮಾಡೋಣ. ನಮ್ಮಲ್ಲಿ ಗಿರಾಕಿ ಬಂದರೆ ಅಂಗಡಿಯವರೇ "ಬನ್ನಿ ಸಾರ್, ಏನ್ ಬೇಕಿತ್ತು" ಅಂತಾರೆ. ಅಲ್ಲಿ ಒಳಗೆ ಹೋದವರು ಮೊದಲು "ಬ್ವೊಂಜೋರ್ನೊ" ಅಂತ ನಮಸ್ಕಾರ ಹೇಳಬೇಕು. ಹೇಳದೆ ನೇರ ಸಾಮಾನು ಕೇಳಿದರೆ ಸೊಕ್ಕಿನವರು ಅಂದುಕೊಳ್ಳುತ್ತಾರೆ. ನೀನು-ನೀವು ವ್ಯತ್ಯಾಸವೂ ನಮ್ಮಂತೆಯೇ ಇದೆ: ಗೆಳೆಯರಿಗೆ "ತು", ಹಿರಿಯರಿಗೆ, ಪರಿಚಯ ಇಲ್ಲದವರಿಗೆ "ಲೇಯಿ". ಇಂಗ್ಲಿಷ್‌ನವರಿಗಿಂತ ಕನ್ನಡದವರಿಗೆ ಇದು ಬೇಗ ಹಿಡಿಯುತ್ತದೆ.

ಸಂತೆಯಲ್ಲಿ ಟೊಮೆಟೊ ಒತ್ತಿ ನೋಡಿ ಆರಿಸೋ ಅಭ್ಯಾಸ ಊರಲ್ಲೇ ಬಿಟ್ಟು ಹೋಗಬೇಕು. ಅಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ವ್ಯಾಪಾರಿಯೇ ಆರಿಸಿ ಕೊಡುವುದು. ಸೂಪರ್ ಮಾರ್ಕೆಟ್‌ನಲ್ಲಾದರೆ ಪ್ಲಾಸ್ಟಿಕ್ ಕೈಗವಸು ಹಾಕೊಂಡು ಮುಟ್ಟಬೇಕು. ಹಲವು ಕಡೆ ತಾವೇ ತೂಕ ಮಾಡಿ, ನಂಬರ್ ಒತ್ತಿ, ಚೀಟಿ ಅಂಟಿಸಬೇಕು. ಮರೆತರೆ ಬಿಲ್ಲಿನ ಕೌಂಟರ್‌ನಿಂದ ವಾಪಸ್ ಓಡಬೇಕು, ಹಿಂದೆ ಕ್ಯೂ ನಿಂತಿರುತ್ತೆ. ಇನ್ನು ಬಿಲ್ ಕೊಡದೆ ವ್ಯಾಪಾರ ಮಾಡೋ ಹಾಗಿಲ್ಲ. ಒಂದು ಕಾಫಿಗೂ ರಸೀದಿ! ನಮ್ಮ ಅಂಗಡಿಯವರು ಇದನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ.

ಸಣ್ಣ ಊರುಗಳಲ್ಲಿ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಶಟರ್ ಇಳಿದರೆ ಮತ್ತೆ ತೆಗೆಯೋದು ಮೂರೂವರೆ, ನಾಲ್ಕಕ್ಕೆ. ನಮ್ಮ ಸ್ವಾತಂತ್ರ್ಯ ದಿನವಾದ ಆಗಸ್ಟ್ 15 ಅಲ್ಲಿ "ಫೆರ್ರಾಗೊಸ್ತೊ" ಹಬ್ಬ. ಅದರ ಹಿಂದೆಮುಂದೆ ಎಷ್ಟೋ ಅಂಗಡಿಯವರು ಬೀಗ ಹಾಕಿ ಸಮುದ್ರದ ಕಡೆ ಹೋಗಿಬಿಡುತ್ತಾರೆ.

ಕಾಫಿ ಸಿಗುವ ಜಾಗಕ್ಕೆ ಅಲ್ಲಿ "ಬಾರ್" ಅಂತಲೇ ಹೆಸರು. ಮಗ ಫೋನಲ್ಲಿ "ಬಾರ್‌ನಲ್ಲಿದ್ದೀನಿ" ಅಂದರೆ ಮನೆಯವರು ಗಾಬರಿಯಾಗೋದು ಬೇಡ. ನಮ್ಮ ದರ್ಶಿನಿ ಥರ ಕೌಂಟರ್ ಹತ್ತಿರ ನಿಂತು ಕುಡಿದರೆ ಕಡಿಮೆ ದರ, ಕೂತರೆ ಬಹಳ ಕಡೆ ಜಾಸ್ತಿ. ಹೋಟೆಲ್ ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೆ ಒಂದೆರಡು ಯೂರೊ ಸೇರಿದ್ದರೆ ಅದು ಮೋಸವಲ್ಲ, ಮೇಜಿಗೆ ಕೂತ ಚಾರ್ಜು.

ಸಸ್ಯಾಹಾರಿಗಳು ಗಮನಿಸಬೇಕಾದ್ದು ಚೀಸ್. ಪಾಸ್ತಾ ಮೇಲೆ ತುರಿದು ಹಾಕುವ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ನಿಯಮವೇ ಹಾಗಿದೆ. "ಮಾಂಸ ಇದೆಯಾ" ಅಂತ ಕೇಳಿದರೆ ಇಲ್ಲ ಅಂತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ.

ತಲೆಬಿಸಿ ಇರುವುದು ಕಾಗದಪತ್ರದಲ್ಲಿ

ಊಟ-ತಿಂಡಿ ಹೇಗೋ ಹೊಂದಿಕೆಯಾಗುತ್ತೆ. ಆದರೆ ದೇಶಕ್ಕೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಲೇಬೇಕು. ಇದಕ್ಕೆ "ಪೆರ್ಮೆಸ್ಸೊ ದಿ ಸೊಜ್ಜೊರ್ನೊ" ಅಂತಾರೆ. ಅರ್ಜಿ ಕೊಡೋದು ಪೋಸ್ಟ್ ಆಫೀಸಿನಲ್ಲಿ. ಅದಕ್ಕೆ ಅಂಟಿಸುವ 16 ಯೂರೊ ಸ್ಟಾಂಪ್ ಸಿಗೋದು "ತಬಾಕ್ಕಿ" ಅನ್ನೋ ಬೀಡಿ-ಸಿಗರೇಟ್ ಅಂಗಡಿಯಲ್ಲಿ. ಬಸ್ ಟಿಕೆಟ್ಟೂ ಅಲ್ಲೇ. ಕಾಗದದ ಟಿಕೆಟ್ ತಗೊಂಡು ಬಸ್ಸಿನ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ, ದುಡ್ಡು ಕೊಟ್ಟಿದ್ದರೂ ದಂಡ ಬೀಳಬಹುದು. ಅರ್ಜಿಯ ನಂತರ ಪೊಲೀಸ್ ಕಚೇರಿಗೆ ಬೆರಳಚ್ಚು ಕೊಡಲು ಹೋಗಬೇಕು. ಕಾರ್ಡ್ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಅಲ್ಲಿತನಕ ಪೋಸ್ಟ್ ಆಫೀಸಿನ ರಸೀದಿಯೇ ದಾಖಲೆ, ಕಳೆದುಕೊಳ್ಳಬಾರದು.

ವಿದ್ಯಾರ್ಥಿವೇತನದ ಕೆಲಸವಂತೂ ನಮ್ಮ ತಾಲೂಕಿನಲ್ಲೇ ಆರಂಭ. ಮನೆಯವರ ಆದಾಯ, ಆಸ್ತಿ, ಕುಟುಂಬ ಸದಸ್ಯರ ದಾಖಲೆ ಮಾಡಿಸಿ, ದೃಢೀಕರಿಸಿ, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಹಾಕಿಸಿ, ಇಟಾಲಿಯನ್‌ಗೆ ಭಾಷಾಂತರಿಸಬೇಕಾಗುತ್ತೆ. ವಿಮಾನ ಹತ್ತಿದ ಮೇಲೆ ನಾಡಕಚೇರಿಗೆ ಅಪ್ಪನನ್ನು ಓಡಾಡಿಸುವುದಕ್ಕಿಂತ ಮೊದಲೇ ಮುಗಿಸಿಕೊಂಡು ಹೋಗೋದು ಲೇಸು.

ಪರೀಕ್ಷೆಯೂ ಬೇರೆ ಥರ. ಅಂಕ 30ಕ್ಕೆ, ಪಾಸಾಗಲು 18 ಬೇಕು. ಎಷ್ಟೋ ವಿಷಯಗಳಲ್ಲಿ ಪ್ರೊಫೆಸರ್ ಎದುರು ಕೂತು ಬಾಯಲ್ಲೇ ಉತ್ತರಿಸಬೇಕು. ಗೈಡ್ ಬಾಯಿಪಾಠ ಮಾಡಿ ಬರೆದು ಬಂದವರಿಗೆ ಇಲ್ಲಿ ಬೆವರು ಇಳಿಯುತ್ತೆ. ಬಂದ ಅಂಕ ಸಾಲದು ಅನ್ನಿಸಿದರೆ ಸಾಮಾನ್ಯವಾಗಿ "ಬೇಡ" ಅಂದು ಮತ್ತೊಮ್ಮೆ ಬರೆಯಬಹುದು. ಆದರೆ ವಿದ್ಯಾರ್ಥಿವೇತನ ಮುಂದುವರಿಯಲು ಗಡುವಿನೊಳಗೆ ಇಂತಿಷ್ಟು ಕ್ರೆಡಿಟ್ ಆಗಿರಬೇಕು, ಹಾಗಾಗಿ ಬೇಡ ಅನ್ನೋ ಮುಂಚೆ ಲೆಕ್ಕ ಹಾಕಬೇಕು. ಪಾರ್ಟ್ ಟೈಮ್ ಕೆಲಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಅದರಲ್ಲೇ ಬ್ಯಾಂಕ್ ಸಾಲ ತೀರಿಸುತ್ತೇನೆ ಅನ್ನೋ ಲೆಕ್ಕ ಸರಿಹೋಗಲ್ಲ.

ಮನೆಯವರಿಗೆ ಒಂದು ಮಾತು: ಇಟಲಿ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಬೆಳಗ್ಗೆ ಆರಕ್ಕೆ ಎದ್ದು ಫೋನ್ ಮಾಡಿ "ಯಾಕೆ ತೆಗೀತಿಲ್ಲ" ಅಂತ ಚಿಂತಿಸಬೇಡಿ, ಅಲ್ಲಿ ನಡುರಾತ್ರಿ ದಾಟಿರುತ್ತೆ. ನಮ್ಮ ರಾತ್ರಿ ಎಂಟು, ಎಂಟೂವರೆಗೆ ಮಾಡಿದರೆ ಕ್ಲಾಸು ಮುಗಿಸಿ ಬಂದಿರುವ ಸಾಧ್ಯತೆ ಹೆಚ್ಚು.